ಗ್ರೀನ್ ಟೀ: ಲೋಟದ ಲೆಕ್ಕ, ಗುಳಿಗೆಯ ಲೆಕ್ಕ

ಗ್ರೀನ್ ಟೀಗೆಂದು ಬೇರೆ ಗಿಡವಿಲ್ಲ. ನೀಲಗಿರಿಯಿಂದ ಬಂದು ನಮ್ಮ ಮನೆಗಳಲ್ಲಿ ಹಾಲು, ಸಕ್ಕರೆಯೊಡನೆ ಕುದಿಯುವ ಟೀ ಪುಡಿಯೂ ಜಪಾನಿನ ಶಿಜುಓಕಾದ ಹಸಿರು ಎಲೆಯೂ ಕಮೆಲಿಯಾ ಸಿನೆನ್ಸಿಸ್ ಎಂಬ ಒಂದೇ ಜಾತಿಯ ಗಿಡದ ಚಿಗುರು. ಚಿಗುರು ಕಿತ್ತ ಮೇಲೆ ಕೆಲವು ಗಂಟೆಗಳಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆ ಎರಡರ ದಾರಿ ಬೇರೆಯಾಗುತ್ತದೆ. ಎಲೆಯನ್ನು ಬಾಡಿಸಿ ಹೊಸಕಿದರೆ ಅದರೊಳಗಿನ ಕಿಣ್ವವೊಂದು ಗಾಳಿಯ ಆಮ್ಲಜನಕ ಬಳಸಿಕೊಂಡು ಎಲೆಯ ಬಣ್ಣವನ್ನೂ ರುಚಿಯನ್ನೂ ಬದಲಿಸಿಬಿಡುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇಂಥದೇ ಕಿಣ್ವದಿಂದ. ಮಾಮೂಲಿ ಟೀ ಪುಡಿಯ ಕಡುಕಂದು ಬಣ್ಣ ಹುಟ್ಟುವುದು ಹೀಗೆ.

ಗ್ರೀನ್ ಟೀ ಮಾಡುವವರು ಈ ಕಿಣ್ವಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಕಿತ್ತ ಚಿಗುರನ್ನು ಜಪಾನಿನಲ್ಲಿ ಹಬೆಗೆ ಹಿಡಿಯುತ್ತಾರೆ, ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಕಿಣ್ವ ನಿಷ್ಕ್ರಿಯವಾಗುತ್ತದೆ, ಎಲೆ ಹಸಿರಾಗಿಯೇ ಉಳಿಯುತ್ತದೆ. ಅದರ ಜತೆಗೆ ಕ್ಯಾಟೆಕಿನ್‌ಗಳೆಂಬ ಒಗರು ಪದಾರ್ಥಗಳೂ ಬಹುಪಾಲು ಹಾಗೆಯೇ ಉಳಿಯುತ್ತವೆ. ಮಾಮೂಲಿ ಟೀಯಲ್ಲಿ ಇವೇ ಒಂದಕ್ಕೊಂದು ಬೆಸೆದುಕೊಂಡು ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್‌ಗಳಾಗುತ್ತವೆ. ಗ್ರೀನ್ ಟೀಯ ಕ್ಯಾಟೆಕಿನ್‌ಗಳಲ್ಲಿ ಹೆಚ್ಚು ಪ್ರಮಾಣದಲ್ಲಿರುವುದು ಎಪಿಗ್ಯಾಲೊಕ್ಯಾಟೆಕಿನ್ ಗ್ಯಾಲೇಟ್, ಚಿಕ್ಕದಾಗಿ ಇಜಿಸಿಜಿ. ಗ್ರೀನ್ ಟೀಯ ಆರೋಗ್ಯ ಗುಣಗಳ ಕುರಿತ ಸಂಶೋಧನೆಯಲ್ಲಿ ಬಹುಪಾಲು ಸುತ್ತುವುದು ಈ ಒಂದು ಪದಾರ್ಥದ ಸುತ್ತ.

ಚಹಾ ಔಷಧಿಯೆಂಬ ನಂಬಿಕೆ ಪೂರ್ವ ಏಷ್ಯಾದಲ್ಲಿ ಬಹಳ ಹಳೆಯದು. ಜಪಾನಿನ ಜೆನ್ ಗುರು ಎಯಿಸಾಯ್ 1211ರಲ್ಲಿ ಚಹಾ ಕುಡಿದು ಆರೋಗ್ಯ ಕಾಪಾಡಿಕೊಳ್ಳುವ ಬಗ್ಗೆ ‘ಕಿಸ್ಸಾ ಯೋಜೋಕಿ’ ಎಂಬ ಪುಸ್ತಕವನ್ನೇ ಬರೆದ. ಎಲೆಯೊಳಗೆ ನಿಜವಾಗಿ ಏನಿದೆ ಎಂದು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದ್ದು ಮಾತ್ರ ಇಪ್ಪತ್ತನೇ ಶತಮಾನದಲ್ಲಿ. ಅದರಲ್ಲಿ ದೊಡ್ಡ ಪಾಲು ಮಿಚಿಯೊ ತ್ಸುಜಿಮುರಾ ಎಂಬ ಮಹಿಳೆಯದು. 1920ರಲ್ಲಿ ಅವರು ಹೊಕ್ಕೈಡೊ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಸೇರಿದಾಗ ಅಲ್ಲಿ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ದುಡಿದರು. ಟೋಕಿಯೋಗೆ ಬಂದರೆ 1923ರ ಭೂಕಂಪದಲ್ಲಿ ಅಲ್ಲಿನ ಪ್ರಯೋಗಾಲಯ ನೆಲಸಮವಾಯಿತು. ರಿಕೆನ್ ಸಂಸ್ಥೆಗೆ ಹೋದರು. ಗ್ರೀನ್ ಟೀಯಲ್ಲಿ ‘ಸಿ’ ಜೀವಸತ್ವವಿದೆಯೆಂದು 1924ರಲ್ಲಿ ಸಹೋದ್ಯೋಗಿಯೊಬ್ಬರ ಜತೆ ತೋರಿಸಿಕೊಟ್ಟರು, 1929ರಲ್ಲಿ ಎಲೆಯಿಂದ ಕ್ಯಾಟೆಕಿನ್ ಬೇರ್ಪಡಿಸಿದರು. ಈ ಕೆಲಸಕ್ಕಾಗಿ 1932ರಲ್ಲಿ ಅವರಿಗೆ ಸಿಕ್ಕ ಡಾಕ್ಟರೇಟ್, ಕೃಷಿ ವಿಜ್ಞಾನದಲ್ಲಿ ಜಪಾನಿನ ಮಹಿಳೆಯೊಬ್ಬರು ಪಡೆದ ಮೊದಲ ಡಾಕ್ಟರೇಟ್. ಇಂದು ಗ್ರೀನ್ ಟೀ ಡಬ್ಬಿಗಳ ಮೇಲೆ ದಪ್ಪಕ್ಷರದಲ್ಲಿ ಮೆರೆಯುವ ‘ಆ್ಯಂಟಿ ಆಕ್ಸಿಡೆಂಟ್’ ಎಂಬ ಮಾತಿನ ಬೇರು ಹುಡುಕಿದರೆ ಅದು ಈ ಕೆಲಸದವರೆಗೆ ಹೋಗುತ್ತದೆ.

ಎಲೆಯಲ್ಲಿ ಏನಿದೆ ಎಂದು ತಿಳಿಯುವುದು ಒಂದು, ಅದನ್ನು ಕುಡಿದವರಿಗೆ ಏನಾಗುತ್ತದೆ ಎಂದು ತಿಳಿಯುವುದು ಇನ್ನೊಂದು. ಎರಡನೆಯದಕ್ಕೆ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸುತ್ತಿರಬೇಕು. ಇಂಥ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ಈಶಾನ್ಯ ಜಪಾನಿನ ಮಿಯಾಗಿ ಪ್ರಾಂತದ ಓಸಾಕಿ ಸೀಮೆಯಲ್ಲಿ ನಡೆಯಿತು. ಈ ಸೀಮೆಯ ಜನರಲ್ಲಿ ಸುಮಾರು ಶೇ. 80ರಷ್ಟು ಮಂದಿ ಗ್ರೀನ್ ಟೀ ಕುಡಿಯುವವರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಿನಕ್ಕೆ ಮೂರು ಬಟ್ಟಲಾದರೂ ಬೇಕು. ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು 40ರಿಂದ 79 ವರ್ಷದ 40,530 ಮಂದಿಯನ್ನು ಆರಿಸಿಕೊಂಡರು. ಆರಂಭದಲ್ಲಿ ಇವರಲ್ಲಿ ಯಾರಿಗೂ ಹೃದ್ರೋಗ, ಪಾರ್ಶ್ವವಾಯು, ಕ್ಯಾನ್ಸರ್ ಇರಲಿಲ್ಲ. ಊಟ, ಸಿಗರೇಟು, ಮದ್ಯ, ನಡಿಗೆ, ಚಹಾ ಎಲ್ಲವನ್ನೂ ಕೇಳಿ ಬರೆದುಕೊಂಡು ಹನ್ನೊಂದು ವರ್ಷ ಕಾದರು. ಅಷ್ಟರಲ್ಲಿ 4,209 ಮಂದಿ ತೀರಿಕೊಂಡಿದ್ದರು.

2006ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನಕ್ಕೆ ಒಂದು ಬಟ್ಟಲಿಗಿಂತ ಕಡಿಮೆ ಕುಡಿಯುವವರ ಪಕ್ಕದಲ್ಲಿ ಐದು ಬಟ್ಟಲು ಅಥವಾ ಹೆಚ್ಚು ಕುಡಿಯುವವರನ್ನು ಇಟ್ಟು ನೋಡಿದರೆ, ಸಾವಿನ ಸಂಭವ ಹೆಂಗಸರಲ್ಲಿ ಶೇ. 23ರಷ್ಟು, ಗಂಡಸರಲ್ಲಿ ಶೇ. 12ರಷ್ಟು ಕಡಿಮೆಯಿತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಗಳನ್ನಷ್ಟೇ ಪರಿಗಣಿಸಿದರೆ ಅಂತರ ಇನ್ನೂ ಹೆಚ್ಚು: ಹೆಂಗಸರಲ್ಲಿ ಶೇ. 31, ಗಂಡಸರಲ್ಲಿ ಶೇ. 22. ಎಲ್ಲಕ್ಕಿಂತ ಎದ್ದು ಕಂಡದ್ದು ಪಾರ್ಶ್ವವಾಯುವಿನ ಸಾವಿನಲ್ಲಿನ ಇಳಿಕೆ. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಲ್ಲಿ ಬಟ್ಟಲೆಂದರೆ ಜಪಾನಿನ ಪುಟ್ಟ ಬಟ್ಟಲು, 100 ಮಿಲಿ ಹಿಡಿಯುವಂಥದು. ಐದು ಬಟ್ಟಲೆಂದರೆ ದಿನಕ್ಕೆ ಅರ್ಧ ಲೀಟರ್ ಅಷ್ಟೇ. ಐದು ದೊಡ್ಡ ಮಗ್ ಎಂದು ತಿಳಿದುಕೊಂಡವರು ಲೆಕ್ಕ ತಪ್ಪುತ್ತಾರೆ.

ಇಷ್ಟು ಓದಿ ಗ್ರೀನ್ ಟೀ ಆಯುಸ್ಸು ಹೆಚ್ಚಿಸುತ್ತದೆ ಎಂದು ತೀರ್ಮಾನಿಸುವುದು ಸುಲಭ. ಆದರೆ ಓಸಾಕಿಯಲ್ಲಿ ಯಾರಿಗೂ ಚಹಾ ಕುಡಿಸಿ ನೋಡಲಿಲ್ಲ. ಕುಡಿಯುವವರನ್ನು ಗಮನಿಸಿದರು, ಅಷ್ಟೇ. ಹೆಚ್ಚು ಚಹಾ ಕುಡಿಯುವವರ ಬದುಕೇ ಬೇರೆ ರೀತಿಯದಾಗಿರಬಹುದು. ಅವರ ತಟ್ಟೆಯಲ್ಲಿ ಮೀನು, ತರಕಾರಿ ಹೆಚ್ಚಿರಬಹುದು; ನೆರೆಹೊರೆಯವರೊಡನೆ ಕೂತು ಚಹಾ ಹೀರುವಷ್ಟು ಬಿಡುವು, ಒಡನಾಟ ಇದ್ದಿರಬಹುದು. ಸಂಶೋಧಕರು ವಯಸ್ಸು, ತೂಕ, ಧೂಮಪಾನ, ಆಹಾರಗಳ ಪ್ರಭಾವವನ್ನು ಗಣಿತದ ಮೂಲಕ ಕಳೆದಿದ್ದಾರೆ. ಕೇಳದೇ ಬಿಟ್ಟ ಪ್ರಶ್ನೆಗಳ ಪ್ರಭಾವವನ್ನು ಯಾವ ಗಣಿತವೂ ಕಳೆಯಲಾರದು. ಗಂಡಸರಲ್ಲಿ ಲಾಭ ಕಡಿಮೆ ಕಂಡದ್ದಕ್ಕೂ ಸಂಶೋಧಕರು ಕೊಟ್ಟ ಒಂದು ಕಾರಣ, ಅವರಲ್ಲಿ ಸಿಗರೇಟು ಸೇದುವವರು ಹೆಚ್ಚಿದ್ದುದು.

ಹಾಗೆಂದು ಓಸಾಕಿಯನ್ನು ತಳ್ಳಿಹಾಕಲೂ ಆಗದು. ಜಪಾನಿನ ಇನ್ನೊಂದು ಅಧ್ಯಯನ 82,369 ಮಂದಿಯನ್ನು ಸರಾಸರಿ ಹದಿಮೂರು ವರ್ಷ ಗಮನಿಸಿ 2013ರಲ್ಲಿ ಪ್ರಕಟವಾಯಿತು. ದಿನಕ್ಕೆ ನಾಲ್ಕು ಬಟ್ಟಲು ಅಥವಾ ಹೆಚ್ಚು ಕುಡಿಯುವವರಲ್ಲಿ ಪಾರ್ಶ್ವವಾಯು ಸುಮಾರು ಶೇ. 20ರಷ್ಟು ಕಡಿಮೆ ಎಂದು ಅದೂ ಹೇಳಿತು. ಬೇರೆ ಬೇರೆ ಜನ, ಬೇರೆ ಬೇರೆ ತಂಡ, ಒಂದೇ ದಿಕ್ಕಿನ ಉತ್ತರ. ಗ್ರೀನ್ ಟೀಯ ಪರವಾಗಿ ಇರುವ ಸಾಕ್ಷ್ಯಗಳಲ್ಲಿ ಗಟ್ಟಿಯಾದದ್ದು ಹೃದಯ, ಮೆದುಳುಗಳ ರಕ್ತನಾಳಕ್ಕೆ ಸಂಬಂಧಿಸಿದ್ದೇ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಈ ಒಮ್ಮತವಿಲ್ಲ. ದಿನಕ್ಕೆ ಆರು ಬಟ್ಟಲು ಕುಡಿಯುವವರಲ್ಲಿ ಮಧುಮೇಹ ಮೂರನೇ ಒಂದು ಭಾಗದಷ್ಟು ಕಡಿಮೆ ಎಂದು 2006ರಲ್ಲಿ ಜಪಾನಿನ ವರದಿಯೊಂದು ಹೇಳಿತು. ಶಾಂಘೈ ನಗರದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಗ್ರೀನ್ ಟೀ ಕುಡಿಯುವವರಲ್ಲೇ ಮಧುಮೇಹ ತುಸು ಹೆಚ್ಚಿತ್ತು.

ಕ್ಯಾನ್ಸರ್ ಕುರಿತ ಕತೆ ಆಸೆಯಿಂದ ಶುರುವಾಗಿ ನಿರಾಸೆಯತ್ತ ಸಾಗಿದ್ದು. ಚಹಾ ಬೆಳೆಯುವ ಶಿಜುಓಕಾದ ಹಳ್ಳಿಗಳಲ್ಲಿ ಹೊಟ್ಟೆಯ ಕ್ಯಾನ್ಸರ್ ಸಾವು ಕಡಿಮೆ ಎಂಬ ವರದಿಗಳು 1980ರ ದಶಕದಲ್ಲಿ ಬಂದವು. 1987ರಲ್ಲಿ ಹಿರೋಟಾ ಫುಜಿಕಿ ಅವರ ತಂಡ, ಇಲಿಗಳ ಚರ್ಮಕ್ಕೆ ಇಜಿಸಿಜಿ ಹಚ್ಚಿದರೆ ಗೆಡ್ಡೆ ಬೆಳೆಯುವುದು ತಗ್ಗುತ್ತದೆ ಎಂದು ತೋರಿಸಿತು. ಮನುಷ್ಯರಲ್ಲಿ ನೋಡಿದಾಗ ಚಿತ್ರ ಬದಲಾಯಿತು. 2001ರಲ್ಲಿ ಮಿಯಾಗಿ ಪ್ರಾಂತದಲ್ಲೇ 26,311 ಮಂದಿಯ ಅಧ್ಯಯನ ಪ್ರಕಟವಾಯಿತು. ಅವರಲ್ಲಿ 419 ಮಂದಿಗೆ ಹೊಟ್ಟೆಯ ಕ್ಯಾನ್ಸರ್ ಬಂದಿತ್ತು. ಹೆಚ್ಚು ಚಹಾ ಕುಡಿದವರಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ.

ಗುಳಿಗೆಯ ಪ್ರಯೋಗಗಳಲ್ಲೂ ಹೀಗೇ ಆಯಿತು. 2006ರಲ್ಲಿ ಇಟಲಿಯ ತಂಡವೊಂದು ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರಿನ ಮುನ್ಸೂಚನೆಯಿದ್ದ 60 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಟೆಕಿನ್, ಇನ್ನೊಂದಕ್ಕೆ ಹುಸಿ ಗುಳಿಗೆ ಕೊಟ್ಟಿತು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಒಬ್ಬರಿಗೆ, ಎರಡನೆಯದರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಕಾಣಿಸಿತು. ಲೋಕವೆಲ್ಲ ಇದನ್ನು ಸಂಭ್ರಮಿಸಿತು. ಆದರೆ ಅಮೆರಿಕದಲ್ಲಿ 97 ಗಂಡಸರ ಮೇಲೆ ಇಂಥದೇ ಪ್ರಯೋಗ ನಡೆದು 2015ರಲ್ಲಿ ಉತ್ತರ ಬಂದಾಗ, ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ವೈದ್ಯಕೀಯ ಸಾಕ್ಷ್ಯಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 142 ಅಧ್ಯಯನಗಳನ್ನು, ಹನ್ನೊಂದು ಲಕ್ಷಕ್ಕೂ ಮಿಕ್ಕ ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿತು. ಗ್ರೀನ್ ಟೀ ಕ್ಯಾನ್ಸರ್ ತಡೆಯುತ್ತದೆ ಎನ್ನಲು ಒಂದಕ್ಕೊಂದು ಹೊಂದುವ ಸಾಕ್ಷ್ಯ ಅದಕ್ಕೂ ಸಿಗಲಿಲ್ಲ. ಕ್ಯಾನ್ಸರ್ ಬಂದ ಮನೆಯವರಿಗೆ ಬರುವ ಹತ್ತಾರು ವಾಟ್ಸ್ಆ್ಯಪ್ ಸಲಹೆಗಳಲ್ಲಿ ಗ್ರೀನ್ ಟೀಯೂ ಒಂದು. ಸಾಕ್ಷ್ಯವಿಲ್ಲವೆಂಬ ಈ ಮಾತನ್ನು ಅಂಥವರಿಗೆ ಸ್ಪಷ್ಟವಾಗಿ ಹೇಳಲೇಬೇಕು.

ಪ್ರಯೋಗಾಲಯದಲ್ಲಿ ಗೆದ್ದದ್ದು ಮನುಷ್ಯರಲ್ಲಿ ಏಕೆ ಸೋಲುತ್ತದೆ? ಒಂದು ದೊಡ್ಡ ಕಾರಣ, ಇಜಿಸಿಜಿ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಒಂದೆರಡು ಲೋಟ ಗ್ರೀನ್ ಟೀ ಕುಡಿದ ಮೇಲೆ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಅತಿ ಹೆಚ್ಚಾಗುತ್ತದೆ. ಆಗಲೂ ಅದು, ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳ ಮೇಲೆ ಸುರಿಯುವ ಸಾಂದ್ರತೆಯ ಹತ್ತಾರರಲ್ಲಿ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ 2006ರಲ್ಲಿ ಗ್ರೀನ್ ಟೀ ಕ್ಯಾಟೆಕಿನ್‌ನಿಂದ ಮಾಡಿದ ಒಂದು ಔಷಧಕ್ಕೆ ಒಪ್ಪಿಗೆ ಕೊಟ್ಟಿದೆ. ಅದು ಜನನಾಂಗದ ನರೂಲಿಗೆ ಹಚ್ಚುವ ಮುಲಾಮು, ಶೇ. 15ರಷ್ಟು ಸಾಂದ್ರತೆಯದು. ಕರುಳನ್ನು ದಾಟುವ ಕಷ್ಟವಿಲ್ಲದ ಕಡೆ ಕ್ಯಾಟೆಕಿನ್ ಔಷಧಿಯಾಗಿ ಕೆಲಸ ಮಾಡಿದೆ.

ಕೊಲೆಸ್ಟರಾಲ್ ವಿಷಯದಲ್ಲಿ ಲಾಭವಿದೆ, ಆದರೆ ಸಣ್ಣದು. 14 ಪ್ರಯೋಗಗಳನ್ನು ಕೂಡಿಸಿ 2011ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಗ್ರೀನ್ ಟೀಯಿಂದ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್, ಸರಾಸರಿ 2 ಮಿಲಿಗ್ರಾಂನಷ್ಟು ಇಳಿಯುತ್ತದೆ. ಲ್ಯಾಬ್ ವರದಿಯಲ್ಲಿ 150 ಇದ್ದದ್ದು 148 ಆಗುತ್ತದೆ. ಸ್ಟ್ಯಾಟಿನ್ ಮಾತ್ರೆ ಇದೇ ಮಟ್ಟವನ್ನು ಮೂರನೇ ಒಂದು ಭಾಗ ಅಥವಾ ಇನ್ನೂ ಹೆಚ್ಚು ಇಳಿಸುತ್ತದೆ. ಗ್ರೀನ್ ಟೀ ಕುಡಿಯುತ್ತೇನೆಂದು ಮಾತ್ರೆ ನಿಲ್ಲಿಸುವುದು ಅಪಾಯ.

ನಮ್ಮಲ್ಲಿ ಬಹಳ ಮಂದಿ ಗ್ರೀನ್ ಟೀ ಕೊಳ್ಳುವುದು ತೂಕ ಇಳಿಸಲು. ಈ ನಂಬಿಕೆಗೆ ಬಲ ಕೊಟ್ಟ ಪ್ರಯೋಗ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ನಡೆದು 1999ರಲ್ಲಿ ಪ್ರಕಟವಾಯಿತು. ಹತ್ತು ಮಂದಿ ಯುವಕರನ್ನು ಉಸಿರಾಟ ಅಳೆಯುವ ಕೋಣೆಯಲ್ಲಿ ಇರಿಸಿ ಗ್ರೀನ್ ಟೀ ಸಾರದ ಗುಳಿಗೆ ಕೊಟ್ಟರು. ದೇಹ ದಿನಕ್ಕೆ ಸುಡುವ ಶಕ್ತಿ ಶೇ. 4ರಷ್ಟು ಏರಿತು. ಅದರಲ್ಲಿದ್ದಷ್ಟೇ ಕೆಫೀನ್ ಮಾತ್ರ ಕೊಟ್ಟಾಗ ಈ ಏರಿಕೆ ಕಾಣಲಿಲ್ಲ. ಹತ್ತು ಮಂದಿಯ, ಒಂದು ದಿನದ ಈ ಅಳತೆಯಿಂದ ಒಂದು ದೊಡ್ಡ ವ್ಯಾಪಾರವೇ ಬೆಳೆಯಿತು. 2012ರಲ್ಲಿ ಕಾಕ್ರೇನ್ ಸಂಸ್ಥೆ ತೂಕದ ಪ್ರಯೋಗಗಳನ್ನೆಲ್ಲ ತೂಗಿ ನೋಡಿತು. ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಗ್ರೀನ್ ಟೀಯಿಂದ ಇಳಿದ ತೂಕದ ಸರಾಸರಿ 0.04 ಕಿಲೋ, ಅಂದರೆ 40 ಗ್ರಾಂ. ಜಪಾನಿನ ಪ್ರಯೋಗಗಳಲ್ಲಿ ಇಳಿಕೆ ಇದಕ್ಕಿಂತ ಹೆಚ್ಚಿತ್ತು, ಆದರೆ ಅವು ಒಂದರಂತೆ ಒಂದಿರಲಿಲ್ಲ. ಒಟ್ಟು ತೀರ್ಪು: ತೂಕ ಇಳಿಸುವ ಉಪಾಯವಾಗಿ ಇದು ಲೆಕ್ಕಕ್ಕಿಲ್ಲ.

ತೂಕದ ಈ ಆಸೆಯೇ ಜನರನ್ನು ಲೋಟದಿಂದ ಗುಳಿಗೆಯ ಕಡೆಗೆ ಒಯ್ದದ್ದು. ನಿಜವಾದ ಅಪಾಯ ಇರುವುದು ಇಲ್ಲಿ. ಲೋಟದಲ್ಲಿ ಕುಡಿಯುವವರಿಗೆ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ಇಜಿಸಿಜಿ ಸಿಗುತ್ತದೆ, ಅದೂ ದಿನವಿಡೀ ಹಂಚಿಕೊಂಡು. ಗುಳಿಗೆಯಲ್ಲಿ ಅದರ ಹಲವು ಪಟ್ಟು ಒಂದೇ ಸಲಕ್ಕೆ ಹೊಟ್ಟೆಗೆ ಬೀಳಬಹುದು. ಡಯಟ್ ಮಾಡುವವರು ಇದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ಇಜಿಸಿಜಿ ರಕ್ತಕ್ಕೆ ಸೇರುವುದು ಮೂರು ಪಟ್ಟಿಗಿಂತ ಹೆಚ್ಚು ಎಂದು 2005ರ ಪ್ರಯೋಗವೊಂದರಲ್ಲಿ ಗೊತ್ತಾಗಿದೆ. ಲೋಟದಲ್ಲಿ ರಕ್ಷಣೆಯಾಗಿದ್ದ ಅಲ್ಪ ಹೀರಿಕೆ ಇಲ್ಲಿ ಇಲ್ಲವಾಗುತ್ತದೆ, ಹೊರೆಯೆಲ್ಲ ಯಕೃತ್ತಿನ ಮೇಲೆ ಬೀಳುತ್ತದೆ.

ಫ್ರಾನ್ಸ್ ಮತ್ತು ಸ್ಪೇನಿನಲ್ಲಿ ಗ್ರೀನ್ ಟೀ ಸಾರದ ತೂಕ ಇಳಿಸುವ ಗುಳಿಗೆಯೊಂದನ್ನು ಯಕೃತ್ತಿನ ತೊಂದರೆಗಳ ಕಾರಣಕ್ಕೆ 2003ರಲ್ಲೇ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಅಮೆರಿಕದ ಮಿನ್ನೆಸೋಟದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಸ್ತನ ಕ್ಯಾನ್ಸರ್ ಅಪಾಯ ಕುರಿತ ಪ್ರಯೋಗ ನಡೆಯಿತು. ಅರ್ಧದಷ್ಟು ಮಂದಿಗೆ ವರ್ಷವಿಡೀ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಇರುವ ಗುಳಿಗೆ ಕೊಟ್ಟರು. ಅವರಲ್ಲಿ ನೂರಕ್ಕೆ ಸುಮಾರು ಐವರ ರಕ್ತಪರೀಕ್ಷೆಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಸೂಚನೆ ಕಂಡಿತು, ಗುಳಿಗೆ ನಿಲ್ಲಿಸಿದ ಮೇಲೆ ಅದು ಇಳಿಯಿತು. ಹುಸಿ ಗುಳಿಗೆ ನುಂಗಿದವರಲ್ಲಿ ಈ ತೊಂದರೆ ಅಪರೂಪ. ಯಾರ ಯಕೃತ್ತು ಹೀಗೆ ತೊಂದರೆಗೆ ಸಿಲುಕುತ್ತದೆ ಎಂಬುದಕ್ಕೆ ಅನುವಂಶೀಯ ಸುಳಿವೂ ಸಿಕ್ಕಿದೆ: ಗ್ರೀನ್ ಟೀ ಸಾರದಿಂದ ಯಕೃತ್ತು ಕೆಟ್ಟವರಲ್ಲಿ ಶೇ. 72 ಮಂದಿಯಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ವಂಶವಾಹಿ ರೂಪ ಕಂಡುಬಂತು. ಅಮೆರಿಕದ ಸಾಮಾನ್ಯ ಜನರಲ್ಲಿ ಅದು ಶೇ. 11ರ ಆಸುಪಾಸು. ತೂಕ ಇಳಿಸುವ ಗುಳಿಗೆಗಳಲ್ಲಿ ಗ್ರೀನ್ ಟೀ ಸಾರದ ಜತೆ ಹಲವು ಬಾರಿ ಗಾರ್ಸಿನಿಯಾ ಸಾರವನ್ನೂ ಬೆರೆಸಿರುತ್ತಾರೆ. ಅದು ಬೇರೇನಲ್ಲ, ನಮ್ಮ ಮಲೆನಾಡಿನವರು ಹುಳಿಗೆ ಬಳಸುವ ಉಪ್ಪಾಗೆ. ಅಡುಗೆಯಲ್ಲಿ ನಿರಪಾಯವಾಗಿರುವ ಈ ಹಣ್ಣಿನ ಸಾರವೂ ಗುಳಿಗೆಯಾದಾಗ ಕೆಲವರ ಯಕೃತ್ತನ್ನು ಕೆಡಿಸಿದೆ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ, ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿಯನ್ನು ಗುಳಿಗೆಯ ರೂಪದಲ್ಲಿ ತೆಗೆದುಕೊಂಡರೆ ಯಕೃತ್ತಿಗೆ ಹಾನಿಯ ಲಕ್ಷಣ ಕಾಣುತ್ತದೆ ಎಂದಿತು. ಮಾಮೂಲಿಯಾಗಿ ಸೋಸಿ ಕುಡಿಯುವ ಗ್ರೀನ್ ಟೀ ಸಾಮಾನ್ಯವಾಗಿ ಸುರಕ್ಷಿತ ಎಂದೂ ಹೇಳಿತು. 2022ರಲ್ಲಿ ಯುರೋಪ್ ಒಕ್ಕೂಟ ಈ ಮಿತಿಯನ್ನು ಕಾನೂನಾಗಿಸಿ, ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದು, ಗರ್ಭಿಣಿಯರು, ಹಾಲೂಡುವ ತಾಯಂದಿರು, 18 ವರ್ಷದೊಳಗಿನವರು ಬಳಸಬಾರದು ಎಂದು ಡಬ್ಬಿಯ ಮೇಲೆ ಬರೆಯುವುದನ್ನು ಕಡ್ಡಾಯ ಮಾಡಿತು. ಇಂಥ ಗುಳಿಗೆ ನುಂಗುತ್ತಿರುವಾಗ ಹಸಿವು ಕುಗ್ಗಿ, ಮೂತ್ರ ಗಾಢ ಹಳದಿಯಾಗಿ, ಕಣ್ಣು ಹಳದಿಗಟ್ಟಿದರೆ ಗುಳಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಡಬ್ಬಿಯ ಸಮೇತ ಡಾಕ್ಟರ ಬಳಿ ಹೋಗಬೇಕು.

ಲೋಟದ ಗ್ರೀನ್ ಟೀಗೂ ಕೆಲವು ಎಚ್ಚರಿಕೆಗಳಿವೆ. ಮುಖ್ಯವಾದದ್ದು ಕಬ್ಬಿಣಾಂಶ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಕ್ಕೆ ಚಹಾದ ಒಗರು ಪದಾರ್ಥಗಳು ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇಂಥ ಕಡೆ ಊಟದ ಜತೆಗೇ ಗ್ರೀನ್ ಟೀ ಕುಡಿಯುವ ರೂಢಿ ಒಳ್ಳೆಯದಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ. ಕಬ್ಬಿಣದ ಮಾತ್ರೆ ನುಂಗುವವರಿಗೂ ಇದೇ ಮಾತು. ಚಹಾ ಗಿಡ ಮಣ್ಣಿನಿಂದ ಫ್ಲೋರೈಡನ್ನೂ ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ, ಬಲಿತ ಎಲೆಯಲ್ಲಿ ಹೆಚ್ಚು. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವುದರಿಂದ, ಅದೇ ನೀರಿನಲ್ಲಿ ಮಾಡಿದ ಚಹಾ ಯಾವುದೇ ಇರಲಿ, ಹೊರೆ ಕೂಡುತ್ತದೆ.

ಔಷಧಿಗಳ ಜತೆಗಿನ ಜಗಳವೂ ಸಣ್ಣದಲ್ಲ. ಜಪಾನಿನ ಫುಕುಶಿಮಾದಲ್ಲಿ ಹತ್ತು ಮಂದಿಗೆ ದಿನಕ್ಕೆ 700 ಮಿಲಿ ಗ್ರೀನ್ ಟೀ ಕುಡಿಸಿ, ರಕ್ತದೊತ್ತಡದ ನಾಡೊಲಾಲ್ ಮಾತ್ರೆ ಕೊಟ್ಟು ನೋಡಿದರು. ನೀರಿನ ಜತೆ ನುಂಗಿದಾಗ ರಕ್ತಕ್ಕೆ ಸೇರುತ್ತಿದ್ದ ಔಷಧದಲ್ಲಿ ಶೇ. 85ರಷ್ಟು ಕಡಿಮೆಯಾಯಿತು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್ ಔಷಧಕ್ಕೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಅದನ್ನು ನಿಷ್ಪ್ರಯೋಜಕ ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಹಠಾತ್ತಾಗಿ ವಿಪರೀತ ಗ್ರೀನ್ ಟೀ ಕುಡಿಯಲು ಶುರುಮಾಡಿದರೆ ಅದರ ಲೆಕ್ಕವೂ ತಪ್ಪಬಹುದು. ದಿನವೂ ಮಾತ್ರೆ ನುಂಗುವವರು ತಾವು ಎಷ್ಟು ಲೋಟ ಕುಡಿಯುತ್ತೇವೆಂದು ಡಾಕ್ಟರಿಗೆ ಹೇಳಿಕೊಂಡಿರುವುದು ಒಳ್ಳೆಯದು.

ಬಿಸಿಯ ವಿಷಯಕ್ಕೆ ಬಂದರೆ, 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ಗ್ರೀನ್ ಟೀಗೆ ಕುದಿಯುವ ನೀರು ಬೇಕಾಗಿಯೂ ಇಲ್ಲ. ಕುದಿದ ನೀರನ್ನು ಇಳಿಸಿ ಎರಡು ಮೂರು ನಿಮಿಷ ಆರಲು ಬಿಟ್ಟು, ಆಮೇಲೆ ಎಲೆ ಹಾಕಿ ಎರಡು ನಿಮಿಷಕ್ಕೆ ಸೋಸಿದರೆ ಒಗರು ಕಡಿಮೆ, ಪರಿಮಳ ಹೆಚ್ಚು. ಹಾಲಿನ ಟೀಯಂತೆ ಒಲೆಯ ಮೇಲೆ ಕುದಿಸಿದ ಗ್ರೀನ್ ಟೀ ಕಹಿಯಾಗುತ್ತದೆ. ಆ ಕಹಿ ಮುಚ್ಚಲು ಹಾಕುವ ಒಂದು ಚಮಚ ಜೇನುತುಪ್ಪದಲ್ಲೂ ಸುಮಾರು 20 ಕ್ಯಾಲೊರಿ ಇದೆ.

ಹಾಗಾದರೆ ನಮ್ಮ ಮಾಮೂಲಿ ಟೀ ಕೆಟ್ಟದ್ದೇ? ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಸುಮಾರು ಐದು ಲಕ್ಷ ಜನರ ಮಾಹಿತಿ ಆಧರಿಸಿ 2022ರಲ್ಲಿ ಬಂದ ವರದಿ ಈ ಪ್ರಶ್ನೆಗೆ ಹತ್ತಿರದ ಉತ್ತರ ಕೊಡುತ್ತದೆ. ಅವರಲ್ಲಿ ಬಹುಪಾಲು ಜನ ಕುಡಿಯುವುದು ಕಪ್ಪು ಚಹಾ, ಹೆಚ್ಚಿನವರು ಹಾಲು ಬೆರೆಸಿ. ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಕುಡಿಯುವವರಲ್ಲಿ ಸಾವಿನ ಸಂಭವ ಶೇ. 9ರಿಂದ 13ರಷ್ಟು ಕಡಿಮೆಯಿತ್ತು, ಹಾಲು ಹಾಕಿದರೂ ಹಾಕದಿದ್ದರೂ. ಓಸಾಕಿಯ ಮೇಲೆ ಹೇಳಿದ ಆಕ್ಷೇಪಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. ಆದರೆ ಹಸಿರು ಎಲೆಗೆ ಮಾತ್ರ ವಿಶೇಷ ಶಕ್ತಿಯಿದೆ ಎಂಬ ಮಾತು ಇದರಿಂದ ಸಡಿಲವಾಗುತ್ತದೆ.

ಗ್ರೀನ್ ಟೀಗೆ ಬದಲಾದವರು ಮೈ ಹಗುರವಾಯಿತು ಎನ್ನುವುದು ಸುಳ್ಳೇನಲ್ಲ, ಅದರ ಕಾರಣ ಬೇರೆ. ದಿನಕ್ಕೆ ನಾಲ್ಕು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ, ಸುಮಾರು 130 ಕ್ಯಾಲೊರಿ; ಹಾಲಿನ ಲೆಕ್ಕ ಬೇರೆ. ಸಕ್ಕರೆಯಿಲ್ಲದ ಗ್ರೀನ್ ಟೀಗೆ ಬಂದರೆ ಅಷ್ಟೂ ಉಳಿಯುತ್ತದೆ. ಗ್ರೀನ್ ಟೀಯ ರುಚಿ ಒಗ್ಗದವರು ಮಾಮೂಲಿ ಟೀಯಲ್ಲೇ ಸಕ್ಕರೆ ಬಿಟ್ಟರೂ ಆ 130 ಕ್ಯಾಲೊರಿ ಹಾಗೆಯೇ ಉಳಿಯುತ್ತದೆ.